ಕಿತ್ತಳೆ ಬಣ್ಣದ ಏಳು ಪಟ್ಟಿಗಳು

ಯಾರದಾದರೂ ಕಾರ್ಡನ್ನು ಮಷಿನ್ ಒಪ್ಪದಿದ್ದರೆ ಆಕೆ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಕೆಂಪು ಅಕ್ಷರ ಮೂಡಿದ ಕೂಡಲೇ ಮಷಿನನ್ನು ತನ್ನ ಕಡೆಗೆ ತಿರುಗಿಸಿಕೊಂಡು, "ಇದೊಂದು ಮೊಂಡು ಮಷಿನ್, ಆಗಾಗ ಹೀಗೇ ಮಾಡುತ್ತೆ. ಫೋನಲ್ಲಿ ಹಾಕ್ತೀರಾ? ಕ್ಯಾಶ್ ಇದ್ರೂ ಆಗುತ್ತೆ" ಎನ್ನುವಳು. ಹಿಂದೆ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಮಕ್ಕಳ ಎದುರಿಗೆ ಅಪ್ಪನ ಮುಖ ಸಣ್ಣದಾಗಬಾರದು, ಅಷ್ಟೇ.

ಆ ಆಟಗಳ ಪಾರ್ಕಿನಲ್ಲಿ ಅವಳಿಗೆ ಹನ್ನೊಂದನೆಯ ವರ್ಷ. ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ, ಎಲ್ಲರಿಗೂ ಅವಳು ಪಟ್ಟಿಯಕ್ಕ. ಪಾರ್ಕಿನೊಳಗೆ ದುಡ್ಡು ನಡೆಯುವುದಿಲ್ಲ. ಬಾಗಿಲಲ್ಲೇ ಕಾರ್ಡಿನಿಂದಲೋ ಫೋನಿನಿಂದಲೋ ಹಣ ತುಂಬಿಸಿ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಸಿಕೊಳ್ಳಬೇಕು. ಆಮೇಲೆ ಜ್ಯೂಸಿಗಾಗಲಿ ಆಟಕ್ಕಾಗಲಿ ಆ ಪಟ್ಟಿಯನ್ನು ಮಷಿನಿಗೆ ಮುಟ್ಟಿಸಿದರಾಯಿತು. ಆರು ಕೌಂಟರುಗಳಲ್ಲಿ ನೋಟು ಮುಟ್ಟುತ್ತಿದ್ದದ್ದು ಮೂಲೆಯ ಒಂದೇ ಕೌಂಟರು, ಅದು ಅವಳದು. ಕಾರ್ಡ್ ಎಂದರೆ ಹೆದರುವ ಮುದುಕರು, ದಿನಗೂಲಿಯವರು, ಮನೆಯಲ್ಲಿ ಹೇಳದೆ ಮಕ್ಕಳನ್ನು ಕರೆತಂದ ತಾಯಂದಿರು ಎಲ್ಲರೂ ಅಲ್ಲಿಗೇ ಬರುವರು. ಅವಳು ಕೇಳಿಸಿಕೊಳ್ಳುತ್ತಾಳೆಂದು ಕಷ್ಟಸುಖವನ್ನೂ ಒಂದಿಷ್ಟು ಹೇಳಿಕೊಂಡೇ ಒಳಗೆ ಹೋಗುವರು.

ಪಟ್ಟಿ ಕಟ್ಟುವುದರಲ್ಲಿ ಅವಳದೊಂದು ಕ್ರಮವಿತ್ತು. ತುದಿ ಹೊರಗೆ ಉಳಿದರೆ ಮಕ್ಕಳ ಚರ್ಮಕ್ಕೆ ಉಜ್ಜುತ್ತದೆಂದು ಅದರ ಬಾಲವನ್ನು ಒಳಕ್ಕೆ ಮಡಚಿ ಸಿಕ್ಕಿಸುವಳು. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಅತ್ತೆ ಮಾತ್ರ ಮನೆಯಲ್ಲಿ ಆಡಿಕೊಳ್ಳುವರು: "ಊರವರ ಮಕ್ಕಳ ಕೈಗೆಲ್ಲ ಚೆಂದಾಗಿ ಕಟ್ಟಿ ಬರ್ತಾಳೆ. ಮನೇಲಿ ನನ್ನ ಸೊಂಟಕ್ಕೊಂದು ಪಟ್ಟಿ ಕಟ್ಟೋಕೆ ಟೈಮಿಲ್ಲ ಮಹಾರಾಯ್ತಿಗೆ." ಗಂಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುವವನು. ಮಗಳು ಹತ್ತನೆಯ ತರಗತಿ. ಎರಡು ಕೋಣೆಯ ಮನೆ ಅವಳ ಸಂಬಳದ ಮೇಲೇ ಹೆಚ್ಚಾಗಿ ನಿಂತಿತ್ತು.

ಕೌಂಟರಿಗೆ ಬರುವ ಮೊದಲು ಎಂಟು ವರ್ಷ ಅವಳು ನಿಂತಿದ್ದದ್ದು ಅಳತೆಗೋಲಿನ ಹತ್ತಿರ. ಕೋಲಿನ ಮೇಲಿನ ಗೆರೆಗೆ ತಲೆ ಮುಟ್ಟಿದ ಮಕ್ಕಳಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟುವಳು. ಅದಿದ್ದವರು ದೊಡ್ಡ ಆಟಗಳಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಹಿಂದಕ್ಕೂ ಮುಂದಕ್ಕೂ ಎತ್ತರಕ್ಕೆ ತೂಗುವ ತೂಗುದೋಣಿಗೆ ಹತ್ತಬಹುದು. ಅದನ್ನು ನಡೆಸುವ ಹಿರಿಯನನ್ನು ಎಲ್ಲರೂ ದೋಣಿ ಮಾವ ಎನ್ನುವರು. ಆಮೇಲೆ ಎತ್ತರವನ್ನೂ ಪಟ್ಟಿಯೊಳಗೇ ಬರೆಯುವ ಹೊಸ ಏರ್ಪಾಡು ಬಂತು. ಆಟದ ಬಾಗಿಲಲ್ಲಿ ಪಟ್ಟಿ ಮುಟ್ಟಿಸಿದರೆ ಹಸಿರು ದೀಪ ಇಲ್ಲವೇ ಕೆಂಪು ದೀಪ. ಎಲ್ಲರಿಗೂ ಒಂದೇ ಬಿಳಿ ಪಟ್ಟಿಯಾಯಿತು, ಬಣ್ಣಕ್ಕೆ ಅರ್ಥ ಉಳಿಯಲಿಲ್ಲ. ಉಳಿದಿದ್ದ ಕಿತ್ತಳೆ ಪಟ್ಟಿಗಳ ಕಟ್ಟು ಅವಳ ಕೌಂಟರಿನ ಕೆಳಗಿನ ಡ್ರಾಯರಿಗೆ ಬಂದು ಬಿತ್ತು.

ಅದೊಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪಾರ್ಕಿನ ಇಂಟರ್ನೆಟ್ ಲೈನ್ ಹೋಯಿತು. ಆರೂ ಕೌಂಟರುಗಳ ಕಾರ್ಡ್ ಮಷಿನುಗಳಲ್ಲಿ ಸಣ್ಣ ಚಕ್ರವೊಂದು ತಿರುಗುತ್ತಲೇ ಇತ್ತು. ಫೋನಿನಿಂದ ಹಾಕಿದ ಹಣವೂ ಕೌಂಟರಿನಲ್ಲಿ ತೋರಲಿಲ್ಲ. ಇದ್ದ ಜನವೆಲ್ಲ ಅವಳ ಮೂಲೆಗೆ ತಿರುಗಿದರು. ಸೂಪರ್‌ವೈಸರ್ ಓಡಿ ಬಂದು, "ಅಕ್ಕ, ಕ್ಯಾಶ್ ತಗೊಳ್ಳಿ. ಬಿಳಿ ಪಟ್ಟಿ ಮೇಲೆ ಎಷ್ಟು ದುಡ್ಡು ಅಂತ ಪೆನ್ನಲ್ಲಿ ಬರೆದು ಕೊಡಿ. ಒಳಗಿನವರಿಗೆ ನಾನು ಹೇಳ್ತೀನಿ" ಎಂದು ಹೇಳಿ ಅಷ್ಟೇ ವೇಗವಾಗಿ ಹೋದ. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ, ಆದರೂ ಎಲ್ಲರೂ ಸಾರ್ ಎನ್ನುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಬಿಳಿ ಪಟ್ಟಿ ಮುಗಿಯಿತು. ಸಾಲಿನಲ್ಲಿ ಬಿಸಿಲಿಗೆ ಬೆಂದ ಜನ ಗೊಣಗುತ್ತಿದ್ದರು. ಅವಳು ಕೆಳಗಿನ ಡ್ರಾಯರ್ ಎಳೆದಳು. ಕಿತ್ತಳೆ ಪಟ್ಟಿಗಳ ಕಟ್ಟು ಕಂಡಾಗ ನಿಜವಾಗಿ ಸಮಾಧಾನವಾಯಿತೆಂದು ಇದನ್ನೆಲ್ಲ ನನಗೆ ಹೇಳುವಾಗ ಒಪ್ಪಿಕೊಂಡಳು. ಬಣ್ಣ ಯಾವುದಾದರೇನು, ಬರೆದದ್ದು ತಾನೇ ನಡೆಯುವುದು ಎಂದುಕೊಂಡಳು. ಒಟ್ಟಿಗೆ ಬಂದಿದ್ದ ಐದು ಜನ ಕಾರ್ಖಾನೆ ಕೆಲಸಗಾರರಿಗೆ ಕಟ್ಟಿದಳು. ಅವರ ಹಿಂದೆ ಒಬ್ಬ ಅಜ್ಜ, ಜೊತೆಗೆ ಐದಾರು ವರ್ಷದ ಮೊಮ್ಮಗಳು.

"ನನ್ನ ಹತ್ರ ಆ ಕಾರ್ಡು ಗೀರ್ಡು ಇಲ್ಲಮ್ಮ," ಎಂದು ಅಜ್ಜ ಕರವಸ್ತ್ರದ ಗಂಟು ಬಿಚ್ಚಿದ. "ಇಷ್ಟೇ ಇರೋದು. ಸಾಕಾಗುತ್ತಾ?"

"ಧಾರಾಳ ಆಯ್ತು ಅಜ್ಜ."

"ನಂಗೆ ಎರಡು ಹಲ್ಲು ಬಿದ್ದಿದೆ," ಎಂದಿತು ಮಗು, ಕೌಂಟರಿನ ಅಂಚಿಗೆ ಮೂಗು ತಾಗಿಸಿಕೊಂಡು.

"ಹೌದಾ! ಇಲಿ ತಗೊಂಡು ಹೋಯ್ತಾ?"

"ಇಲಿಗೆ ಯಾಕೆ ಹಲ್ಲು? ಅದಕ್ಕೆ ಆಗಲೇ ಇದೆಯಲ್ಲ!"

ಅವಳು ನಕ್ಕು ಆ ಪುಟ್ಟ ಕೈಗೆ ಪಟ್ಟಿ ಸುತ್ತಿದಳು. ಅದು ತುಂಬ ಸಡಿಲವಾದದ್ದರಿಂದ ಕೊನೆಯ ತೂತಿಗೆ ಹಾಕಿ, ಉಳಿದ ಉದ್ದದ ಬಾಲವನ್ನು ಒಳಕ್ಕೆ ಮಡಚಿದಳು. ಅಜ್ಜನ ಕೈಗೆ ಏಳನೆಯದು. ಅಷ್ಟರಲ್ಲಿ ಉಗ್ರಾಣದಿಂದ ಹೊಸ ಬಿಳಿ ಪಟ್ಟಿಗಳು ಬಂದವು.

ಅರ್ಧ ಗಂಟೆಯಾದ ಮೇಲೆ ಜ್ಯೂಸ್ ಅಂಗಡಿಯಾಕೆ ಚಿಲ್ಲರೆ ಕೇಳಲು ಬಂದಳು. ಬಾಯಿ ಸುಮ್ಮನಿರದ ಹೆಂಗಸು. "ಏನೇ ಪಟ್ಟಿಯಕ್ಕ, ಇವತ್ತು ನಿನ್ನದೇ ರಾಜ್ಯ! ಒಳಗೂ ಎಲ್ಲ ಹಳೇ ಕಾಲಕ್ಕೆ ಹೋಗಿದೆ ನೋಡು. ದೀಪ ಇಲ್ಲ, ಮಷಿನ್ ಇಲ್ಲ. ನಮ್ಮ ದೋಣಿ ಮಾವ ಅಂತೂ ಖುಷಿಯಾಗಿದ್ದಾನೆ. ಬಿಳಿ ಪಟ್ಟಿಯವರನ್ನ ಕೋಲು ಹಿಡಿದು ಅಳೀತಾನಂತೆ, ಕಿತ್ತಳೆ ಬಂದ್ರೆ ಸೀದಾ ಒಳಗೆ ಅಂತೆ."

ಅವಳ ಕೈಯಲ್ಲಿದ್ದ ನೋಟು ಅಲ್ಲೇ ನಿಂತಿತು.

"ಏನಂದೆ?"

"ಕಿತ್ತಳೆ. ಅದೇ, ನೀನು ಮೊದಲು ಅಳೆದು ಕಟ್ತಿದ್ದೆಯಲ್ಲ..."

ಮುಂದಿನದು ಅವಳಿಗೆ ಕೇಳಿಸಲಿಲ್ಲ. ಕೌಂಟರಿನ ಅಂಚಿಗೆ ಮೂಗು. ಕೋಲಿನ ಗೆರೆಗೆ ಆ ಮಗು ಇನ್ನೂ ಒಂದು ಗೇಣು ಬೆಳೆಯಬೇಕು. ಎಂಟು ವರ್ಷ ಅಳೆದ ಕಣ್ಣಿಗೆ ಅದು ಹೇಳಿಕೊಡಬೇಕಾದ ಮಾತಲ್ಲ.

ಕೌಂಟರಿನ ಫೋನ್ ಎತ್ತಿದಳು. ಲೈನಿನ ಜೊತೆಗೆ ಅದೂ ಸತ್ತಿತ್ತು. ನಗದು ಮುಟ್ಟುವವರು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ, ಅವಳದು ಲಾಕರಿನಲ್ಲಿತ್ತು. ಜ್ಯೂಸ್‌ನಾಕೆಯ ಫೋನಿನಲ್ಲಿ ದೋಣಿ ಮಾವನ ನಂಬರು ಹಚ್ಚಿದರೆ ರಿಂಗಾಗುತ್ತಲೇ ಹೋಯಿತು. ಆಟ ನಡೆಸುವಾಗ ಆತ ಫೋನ್ ತೆಗೆಯುವವನಲ್ಲ. ಕೌಂಟರು ಬಿಟ್ಟು ಏಳುವುದೆಂದರೆ ಕೆಲಸ ಬಿಟ್ಟ ಹಾಗೆ ಎಂದು ಅಲ್ಲಿ ಮೊದಲ ದಿನವೇ ಹೇಳಿರುತ್ತಾರೆ. ಡ್ರಾಯರಿಗೆ ಬೀಗ ಹಾಕಿ ಅವಳು ಎದ್ದಳು.

"ಎಲ್ಲಿಗೇ? ಸಾಲು ನೋಡು ಎಷ್ಟಿದೆ! ಸಾರ್ ಬಂದ್ರೆ ಏನನ್ಲಿ?"

"ಮಗು..." ಎಂದಷ್ಟೇ ಹೇಳಿ ಓಡಿದಳು.

ತೂಗುದೋಣಿ ಪಾರ್ಕಿನ ಆ ತುದಿಗೆ. ಸಮವಸ್ತ್ರ ಕಂಡವರೆಲ್ಲ ಅಡ್ಡ ಬರುವರು. "ಮೇಡಂ, ಕಾರ್ಡ್ ಯಾವಾಗ ಶುರು ಆಗುತ್ತೆ?" "ರೀ, ಬೆಳಿಗ್ಗೆ ಕಾರ್ಡಲ್ಲಿ ದುಡ್ಡು ಹೋಗಿದೆ, ಪಟ್ಟಿಗೆ ಬಂದಿಲ್ಲ!" ಒಬ್ಬಾತ ತೋಳನ್ನೇ ಹಿಡಿದ. ಬಿಡಿಸಿಕೊಂಡು ಓಡಿದಳು. ಎಲ್ಲ ಕಡೆಯಿಂದ ಕಿರುಚಾಟ. ಆಟಗಳ ಪಾರ್ಕಿನಲ್ಲಿ ಜನ ಕಿರುಚುವುದು ದಿನವಿಡೀ ಇದ್ದದ್ದೇ, ಹನ್ನೊಂದು ವರ್ಷದಲ್ಲಿ ಅದು ಅವಳ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಆ ದಿನ ಒಂದೊಂದು ಕೂಗೂ ಬೇರೆ ಬೇರೆಯಾಗಿ ಕೇಳಿತು. ಪ್ರತಿಯೊಂದೂ ಆ ಮಗುವಿನದೇ ಅನ್ನಿಸಿತು. ದಿನವೂ ಬೆಳಿಗ್ಗೆ ಹೇಳುವ ಪ್ರಾರ್ಥನೆಯ ಒಂದು ಸಾಲೂ ನಾಲಿಗೆಗೆ ಬರಲಿಲ್ಲ. "ಒಂದು ನಿಮಿಷ ಕೊಡಪ್ಪ, ಒಂದೇ ನಿಮಿಷ" ಎಂಬುದಷ್ಟೇ ಬಾಯಲ್ಲಿತ್ತು.

ದೋಣಿ ಆಗಲೇ ತೂಗುತ್ತಿತ್ತು.

ಅದರಲ್ಲಿ ಇಬ್ಬರಿಗೆ ಒಂದು ಬೆಂಚು, ಇಬ್ಬರಿಗೂ ಸೇರಿ ತೊಡೆಯ ಮೇಲೆ ಬರುವುದು ಒಂದೇ ಕಂಬಿ. ದೊಡ್ಡವರ ಹೊಟ್ಟೆಗೆ ತಾಗಿದ ಕೂಡಲೇ ಕಂಬಿ ನಿಲ್ಲುತ್ತದೆ. ಪಕ್ಕದವರು ಪುಟ್ಟವರಾದರೆ ಅವರಿಗೂ ಕಂಬಿಗೂ ನಡುವೆ ಜಾಗ ಉಳಿಯುತ್ತದೆ. ಅಳತೆಗೋಲು ಇದ್ದದ್ದೇ ಅದಕ್ಕೆ. ಅತಿ ಎತ್ತರಕ್ಕೆ ಏರುವ ಕೊನೆಯ ಬೆಂಚಿನಲ್ಲಿ ಅಜ್ಜನ ಬಿಳಿ ತಲೆ ಕಂಡಿತು. ಅದರ ಪಕ್ಕ ಏನೂ ಕಾಣಲಿಲ್ಲ. ದೋಣಿ ಈಚೆ ಬಂದಾಗ ಕಂಬಿಯ ಮೇಲೊಂದು ಪುಟ್ಟ ಕೈ, ಅದರಲ್ಲಿ ಕಿತ್ತಳೆ ಬಣ್ಣ.

ಅವಳು ಮಾವನ ಗಾಜಿನ ಗೂಡಿಗೆ ಎರಡೂ ಕೈಯಿಂದ ಬಡಿದಳು. "ನಿಲ್ಲಿಸಿ ಮಾವ! ನಿಲ್ಲಿಸಿ!"

ಮಾವ ಬೆಚ್ಚಿ ಕೆಂಪು ಗುಂಡಿ ಒತ್ತಿದ. ಆದರೆ ಅಷ್ಟು ಭಾರದ ದೋಣಿ ಒತ್ತಿದ ಕೂಡಲೇ ನಿಲ್ಲುವಂಥದ್ದಲ್ಲ. ಬ್ರೇಕು ಹಿಡಿದ ಮೇಲೂ ಆರೇಳು ಸಲ ತೂಗಿಯೇ ನಿಲ್ಲಬೇಕು. ಅದು ಅವಳಿಗೆ ಗೊತ್ತು. ಅವಳ ಬದುಕಿನಲ್ಲಿ ಅದಕ್ಕಿಂತ ಉದ್ದದ ಹೊತ್ತು ಬೇರೆ ಇಲ್ಲ ಎಂದು ಹೇಳುತ್ತಾಳೆ. ಒಮ್ಮೆ ಮೇಲೆ. ಕೈ ಕಂಡಿತು. ಆಚೆ ಹೋಯಿತು. ಮತ್ತೆ ಮೇಲೆ. ಕೈ ಕಾಣಲಿಲ್ಲ. ಕಂಬಿ ಖಾಲಿ. ಅಜ್ಜ ಪಕ್ಕಕ್ಕೆ ಬಾಗಿದ್ದ. ಗೂಡಿನ ಮೇಲಿನ ಧ್ವನಿಪೆಟ್ಟಿಗೆಯಲ್ಲಿ ಕುಣಿಯುವ ಹಾಡು ಬರುತ್ತಲೇ ಇತ್ತು. ಮುಂದಿನ ಬೆಂಚುಗಳಲ್ಲಿ ಕೂತವರು ಕೈಯೆತ್ತಿ ನಗುತ್ತಿದ್ದರು. ಕೆಳಗೆ ಕಾಂಕ್ರೀಟು ನೆಲ. ಅವಳು ಅದನ್ನೇ ನೋಡುತ್ತ ನಿಂತಳು, ಮೇಲೆ ನೋಡುವ ಧೈರ್ಯವಾಗದೆ.

ದೋಣಿ ನಿಂತಾಗ ಮೊದಲು ಹತ್ತಿದವಳು ಅವಳೇ. ಮಗು ಕಂಬಿಯ ಕೆಳಗೆ ಜಾರಿ ಬೆಂಚಿಗೂ ಮುಂದಿನ ಹಲಗೆಗೂ ನಡುವೆ ಮುದುಡಿಕೊಂಡಿತ್ತು. ಅಜ್ಜ ಅದರ ಫ್ರಾಕಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಕಾಲನ್ನು ಅದರ ಮೇಲೆ ಅಡ್ಡ ಹಾಕಿದ್ದ. ಆ ಮುಷ್ಟಿ ಬಿಡಿಸಲು ಮಾವನೂ ಕೈಹಾಕಬೇಕಾಯಿತು. ಮಗುವಿನ ಮೊಣಕಾಲು ತರಚಿತ್ತು. ಬೇರೇನೂ ಆಗಿರಲಿಲ್ಲ. ಅಳಲೂ ಇಲ್ಲ. ಇವಳ ಕೊರಳು ಹಿಡಿದುಕೊಂಡಿತು. ಅದರ ಎದೆ ಹೊಡೆದುಕೊಳ್ಳುವುದು ಇವಳ ಎದೆಗೆ ತಾಗುತ್ತಿತ್ತು.

ಅಜ್ಜನನ್ನೂ ಮಗುವನ್ನೂ ಔಷಧಿ ಕೋಣೆಗೆ ಕರೆದೊಯ್ದ ಮೇಲೆ ಸೂಪರ್‌ವೈಸರ್ ಬಂದ. "ಯಾರ್ರೀ ಅಷ್ಟು ಸಣ್ಣ ಮಗೂನ ಹತ್ತಿಸಿದ್ದು? ಕಣ್ಣಿರಲಿಲ್ವಾ?"

ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಮನುಷ್ಯ. "ನಾನೇ ಸಾರ್. ಜನ ಜಾಸ್ತಿ ಇತ್ತು. ಕಣ್ಣು ತಪ್ಪಿತು."

ಅವಳಿಗೆ ಎಲ್ಲವೂ ಒಂದೇ ಸಲ ಕಂಡಿತು: ಮನೆಯ ಬಾಡಿಗೆ, ಮಗಳ ಪರೀಕ್ಷೆಯ ಶುಲ್ಕ, ಅತ್ತೆಯ ಮಾತ್ರೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಾವ ಅವಳ ಕಡೆಗೆ ನೋಡಲೂ ಇಲ್ಲ. ಒಂದು ಗಳಿಗೆ ಅವಳು ನಿಜಕ್ಕೂ ಸುಮ್ಮನಿದ್ದಳು. ಆ ಗಳಿಗೆಯನ್ನೂ ಬಿಡದೆ ನನಗೆ ಹೇಳಿದಳು.

ಆಮೇಲೆ ಬಾಯಿ ತಾನಾಗಿ ತೆರೆಯಿತು. "ಕಿತ್ತಳೆ ಪಟ್ಟಿ ಕಟ್ಟಿದ್ದು ನಾನು ಸಾರ್. ಬಿಳಿ ಮುಗಿದಿತ್ತು. ಹಳೇ ಅರ್ಥ ಮರೆತೆ."

"ಎಷ್ಟು ಕೊಟ್ರಿ?"

"ಏಳು. ಉಳಿದ ಆರೂ ದೊಡ್ಡವರದ್ದು."

ಸೂಪರ್‌ವೈಸರ್ ಮುಖ ಒರೆಸಿಕೊಂಡ. "ಮೊದಲು ಆ ಪಟ್ಟಿಗಳನ್ನ ವಾಪಸ್ ತಗೊಳ್ಳಿ. ಆಮೇಲೆ ಆಫೀಸಿಗೆ ಬನ್ನಿ" ಎಂದು ಹೋದ.

"ಯಾಕೆ ಮಾವ, ನೋಡಿದ ಕೂಡಲೇ ಗೊತ್ತಾಗಲಿಲ್ವಾ ಮಗು ಚಿಕ್ಕದು ಅಂತ?" ಅವಳು ಅಳು ತಡೆದು ಕೇಳಿದಳು.

"ಇನ್ನೂರು ಕೈ ಬಂದ್ರೆ ಕೈನೇ ನೋಡ್ತೀವಿ, ತಲೆ ಯಾರು ನೋಡ್ತಾರೆ? ಅದೂ ಅಲ್ದೆ, ಬಾಲ ಒಳಗೆ ಮಡಚಿತ್ತು," ಎಂದ ಮಾವ. "ನೀನು ಕಟ್ಟಿದ್ದು. ಎಂಟು ವರ್ಷ ನಿನ್ನ ಪಟ್ಟಿ ಒಂದು ಸಲಾನೂ ಸುಳ್ಳು ಹೇಳಿಲ್ಲ ಕಣಮ್ಮ. ಅದಕ್ಕೇ ಬಿಟ್ಟೆ."

ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ.

ಐವರು ಕೆಲಸಗಾರರು ಈಜುಕೊಳದ ಹತ್ತಿರ ಸಿಕ್ಕರು. "ಏನಕ್ಕ, ದುಡ್ಡು ಕೊಟ್ಟು ತಗೊಂಡಿದ್ದನ್ನ ಕತ್ತರಿಸ್ತೀಯಲ್ಲ?" ಎಂದು ಗಲಾಟೆ ಮಾಡುತ್ತಲೇ ಬಿಳಿ ಪಟ್ಟಿಗೆ ಕೈ ಚಾಚಿದರು. ಉಳಿದದ್ದು ಅಜ್ಜನದು, ಮಗುವಿನದು. ಅವಳು ಕತ್ತರಿ ಹಿಡಿದು ಔಷಧಿ ಕೋಣೆಗೆ ಹೋದಳು.

ಮಗು ಮೊಣಕಾಲಿನ ಬ್ಯಾಂಡೇಜನ್ನು ನರ್ಸಿಗೇ ತೋರಿಸುತ್ತ ಕೂತಿತ್ತು. ಅಜ್ಜ ಇವಳನ್ನು ಕಂಡೊಡನೆ ಎದ್ದು ನಿಂತು ಕೈ ಜೋಡಿಸಿದ.

"ದೇವರ ಹಾಗೆ ಬಂದೆಯಮ್ಮ. ನೀನು ಗಾಜು ಬಡಿಯದೇ ಇದ್ದಿದ್ರೆ... ನನ್ನ ಮಗಳಿಗೆ ಏನು ಮುಖ ತೋರಿಸ್ಬೇಕಿತ್ತು? ನಿನ್ನ ಮಕ್ಕಳು ಮರಿ ತಣ್ಣಗಿರಲಿ" ಎಂದು ಅವಳ ತಲೆಯ ಮೇಲೆ ಕೈಯಿಟ್ಟ.

ದೋಣಿಯ ಕೆಳಗೆ ನಿಂತಾಗಲೂ ಅಷ್ಟು ಹೆದರಿಕೆಯಾಗಿರಲಿಲ್ಲ. ಆ ಹರಸುವ ಕೈಯನ್ನು ಹಾಗೇ ತಲೆಯ ಮೇಲಿರಿಸಿಕೊಂಡು ಮನೆಗೆ ಹೋಗಬಹುದಿತ್ತು. ಅವಳು ಅದನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಹಾಗನ್ನಬೇಡಿ ಅಜ್ಜ. ಈ ಬಣ್ಣದ ಪಟ್ಟಿ ಇದ್ರೆ ಎತ್ತರ ಅಳೆದಾಗಿದೆ ಅಂತ ಅರ್ಥ. ಅಳೆಯದೇ ಕಟ್ಟಿದ್ದು ನಾನು. ಅದನ್ನ ನೋಡಿಯೇ ನಿಮ್ಮನ್ನ ಹತ್ತಿಸಿದ್ದು. ತಪ್ಪು ನನ್ನದು."

ಅಜ್ಜನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಗುವಿನ ಕೈಯನ್ನೂ ಇವಳ ಮುಖವನ್ನೂ ಎರಡು ಮೂರು ಸಲ ನೋಡಿದ. ಬೈಯಲಿಲ್ಲ. ಇವಳು ಕತ್ತರಿ ಚಾಚಿದಾಗ, "ಬೇಡ, ನಾನೇ ತೆಗೀತೀನಿ" ಎಂದು ಅದನ್ನು ಇಸಿದುಕೊಂಡ. ಎರಡೂ ಪಟ್ಟಿ ಕತ್ತರಿಸಿ ಮೇಜಿನ ಮೇಲಿಟ್ಟ. ಉಳಿದ ಹಣ ವಾಪಸು ಕೊಡುತ್ತೇವೆಂದರೂ ನಿಲ್ಲಲಿಲ್ಲ. ಮಗುವನ್ನು ಇವಳಿದ್ದ ಕಡೆಯಿಂದ ತನ್ನ ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡು, ಕೈ ಬಿಗಿಯಾಗಿ ಹಿಡಿದು, ಬಾಗಿಲು ದಾಟಿ ಹೋದ.