ಬಿಲ್ಲೆ ಇಲ್ಲದ ಕೊಕ್ಕೆ

ಶಿವದೇವಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹ್ಯಾಂಗರಿನವರು ಹೇಳುತ್ತಿದ್ದರು. ಸುಳ್ಳು. ತುದಿಯಲ್ಲಿ ಕೂತು ಕಾಯಲು ಅದಕ್ಕೆಲ್ಲಿ ಪುರುಸೊತ್ತು? ಬೆಳಿಗ್ಗೆ ಹಿಮಾಯತ್‌ನಗರದ ಮನೆಯಲ್ಲಿ ಹಾಲಿನವನ ಮೇಲೆ ಶುರುವಾದದ್ದು ಕಂಪನಿ ಬಸ್ಸಿನ ಡ್ರೈವರನನ್ನು ಮುಗಿಸಿಕೊಂಡು ಶಂಷಾಬಾದಿನ ವಿಮಾನ ದುರಸ್ತಿ ಹ್ಯಾಂಗರು ಮುಟ್ಟುವ ಹೊತ್ತಿಗೆ ಚೆನ್ನಾಗಿ ಕುದಿಯುತ್ತಿರುತ್ತಿತ್ತು. ಗಂಡ ಬಸವರಾಜ ಸಿಕಂದರಾಬಾದ್ ಸ್ಟೇಷನ್ನಿನ ಗದ್ದಲದಲ್ಲಿ ಮೂವತ್ತು ವರ್ಷ ದುಡಿದವನು. ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಊಟ ಮಾಡುವುದನ್ನು ಚೆನ್ನಾಗಿ ಕಲಿತಿದ್ದ.

ಅವಳ ಅಪ್ಪ ಕಲಬುರ್ಗಿ ಕಡೆಯಿಂದ ಬಂದು ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಶಿವದೇವಿಯೂ ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಇಪ್ಪತ್ತು ವರ್ಷ ದುಡಿದಳು. ಆಮೇಲೆ ಸ್ವಯಂನಿವೃತ್ತಿ ತೆಗೆದುಕೊಂಡು ಈ ಹ್ಯಾಂಗರಿಗೆ ಬಂದು ಹನ್ನೊಂದು ವರ್ಷ. ಟೂಲ್ ರೂಮು ಅವಳ ಸಂಸ್ಥಾನ. ಗೋಡೆಯ ತುಂಬ ಕರಿ ಹಲಗೆ, ಅದರ ಮೇಲೆ ನಟ್ಟು ಬಿಚ್ಚುವ ಒಂದೊಂದು ಪಾನಾ, ಒಂದೊಂದು ಸ್ಕ್ರೂಡ್ರೈವರಿನ ಆಕಾರವೂ ಹಳದಿ ಗೆರೆಯಲ್ಲಿ ಬರೆದಿದೆ. ಪ್ರತಿ ಆಕಾರಕ್ಕೂ ಒಂದು ಕೊಕ್ಕೆ. ಮೆಕ್ಯಾನಿಕ್ಕುಗಳಿಗೆ ತಮ್ಮ ನಂಬರು ಕೊರೆದ ಐದೈದು ಹಿತ್ತಾಳೆ ಬಿಲ್ಲೆ. ಪಾನಾ ಬೇಕೋ, ಬಿಲ್ಲೆ ಕೊಡು. ಆ ಬಿಲ್ಲೆ ಕೊಕ್ಕೆಯಲ್ಲಿ ನೇತಾಡುತ್ತದೆ. ಪಾನಾ ತಂದೆಯೋ, ಬಿಲ್ಲೆ ತಗೊಂಡು ನಡೆ. ಎಲ್ಲ ಉಪಕರಣ ವಾಪಸು ಬಂದಿವೆ ಎಂದು ಶಿವದೇವಿ ಸಹಿ ಮಾಡದೆ ಒಂದು ವಿಮಾನವೂ ಬಾಗಿಲು ದಾಟುವಂತಿಲ್ಲ. ಒಳಗೆಲ್ಲೋ ಮರೆತು ಬಿಟ್ಟ ಒಂದು ಗೇಣಿನ ಕಬ್ಬಿಣ ಮೂವತ್ತು ಸಾವಿರ ಅಡಿ ಮೇಲೆ ಯಾವ ತಂತಿಗೆ ತಾಗುತ್ತದೋ, ಯಾವ ಕೀಲಿಗೆ ಸಿಗುತ್ತದೋ ಯಾರು ಬಲ್ಲರು?

ಆ ದಸರೆಗೆ ಬಂದದ್ದು ಸುಹಾನಾ ಏರ್‌ನ ವಿಮಾನ. ಈ ಕಂಪನಿಗೆ ಆಫೀಸಿನವರು, ರೋಗಿಗಳು, ಸಾವಿಗೆ ಓಡುವವರು ಯಾರೂ ಬೇಡ. ಬರೀ ರಜೆಯ ಮಜಾಕ್ಕೆ ಹೋಗುವವರು ಬೇಕು. ಬಾಲದ ಮೇಲೆ ಹಳದಿ ಛತ್ರಿ, ಒಳಗೆ ನಡುವೆ ಒಂದೇ ಓಣಿ, ಆಚೆಗೆ ಮೂರು ಈಚೆಗೆ ಮೂರು ಸೀಟು, ಒಟ್ಟು ನೂರಾ ಎಂಬತ್ತಾರು. ಮೂರು ವಾರದ ತಪಾಸಣೆ ಮುಗಿದಿತ್ತು. ವಿಜಯದಶಮಿಯ ಸಂಜೆ ನಾಲ್ಕಕ್ಕೆ ಫುಕೆಟ್‌ಗೆ ಹೊರಡಬೇಕು, ಸೀಟೆಲ್ಲ ಭರ್ತಿ.

ಬೆಳಿಗ್ಗೆ ಎಂಟಕ್ಕೆ ಶಿವದೇವಿ ಹಲಗೆಯ ಮುಂದೆ ನಿಂತು ಕೊನೆಯ ಎಣಿಕೆ ಶುರು ಮಾಡಿದಳು. ಮೂರನೇ ಸಾಲಿಗೆ ಬಂದವಳು ಹಾಗೇ ನಿಂತುಬಿಟ್ಟಳು. ಚಿಕ್ಕ ರ‍್ಯಾಚೆಟ್ ಪಾನಾದ ಆಕಾರ ಖಾಲಿ. ಕೊಕ್ಕೆಯೂ ಖಾಲಿ. ಪಾನಾ ಇಲ್ಲ ಅಂದರೆ ಬಿಲ್ಲೆ ಇರಬೇಕು, ಬಿಲ್ಲೆ ಇಲ್ಲ ಅಂದರೆ ಪಾನಾ ಇರಬೇಕು. ಎರಡೂ ಇಲ್ಲ ಅಂದರೆ ಯಾರೋ ಕೇಳದೆ ಕೈ ಹಾಕಿದ್ದಾರೆ. ಅವಳ ರಾಜ್ಯದಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ.

"ಯಾವ ಹಲ್ಕಾ ತಗೊಂಡಾನ?" ಅವಳ ದನಿ ಹ್ಯಾಂಗರಿನ ತಗಡಿಗೆ ಬಡಿದು ವಾಪಸು ಬಂತು. "ನಾ ಸಹಿ ಮಾಡಂಗಿಲ್ಲ! ನೆಲದ ಹಲಗಿ ಬಿಚ್ಚರಿ, ಗಾಲಿ ಗೂಡು ನೋಡ್ರಿ. ಪಾನಾ ಸಿಗೂತನಕ ಇದು ಅಲ್ಲಾಡಂಗಿಲ್ಲ!"

ಶಿಫ್ಟಿನ ಮ್ಯಾನೇಜರ್ ನರಹರಿ, ಧಾರವಾಡದ ಮೆದು ಮನುಷ್ಯ, ಓಡಿ ಬಂದ. ಅವನ ಹಿಂದೆ ಸುಹಾನಾ ಏರ್‌ನ ಪ್ರತಿನಿಧಿ ನಿಶಾಂತ. ಗಚ್ಚಿಬೌಲಿಯಿಂದ ಕ್ಯಾಬಿನಲ್ಲಿ ಬಂದಿದ್ದ ಅವನ ಎರಡೂ ಕೈಯಲ್ಲಿ ಫೋನು.

"ಮೇಡಂ, ನೂರಾ ಎಂಬತ್ತಾರು ಜನ ಬೀಚ್ ಟೋಪಿ ಹಾಕಿಕೊಂಡು ಏರ್‌ಪೋರ್ಟಿಗೆ ಬರ್ತಾರೆ. ಒಂದು ಪಾನಾ ತಾನೇ? ಹೊಸದು ಕೊಡಿಸ್ತೀನಿ" ಎಂದ ಹಿಂದಿಯಲ್ಲಿ.

ಅದೇ ಹಿಂದಿಯಲ್ಲಿ ಅವಳು ಅವನ ಬೆವರಿಳಿಸಿದಳು. ಹೊಸ ಪಾನಾ ತಂದರೆ ಹಳೆಯದು ವಿಮಾನದ ಹೊಟ್ಟೆಯಿಂದ ಎದ್ದು ಬರುತ್ತದೇನು? ಅವನ ತಾಯಿಯನ್ನು ಇದರಲ್ಲಿ ಕೂರಿಸುತ್ತಾನೇನು? ನಿಶಾಂತ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದನ್ನು ಒಪ್ಪಲೇಬೇಕು.

ತಪ್ಪಿದ್ದು ಮುಂದಿನದರಲ್ಲಿ. ಆ ಪಾನಾ ಹೆಚ್ಚು ಬಳಸುತ್ತಿದ್ದವನು ಚನ್ನು. ಬೀದರಿನವನು, ನಲವತ್ತೆರಡು ವರ್ಷ, ಹದಿನಾರು ವರ್ಷದ ಅನುಭವ, ತಲೆ ತಗ್ಗಿಸಿ ಕೆಲಸ ಮಾಡುವವನು. ಅವನನ್ನು ಎಲ್ಲರೆದುರು ಕೌಂಟರಿಗೆ ಕರೆದಳು.

"ಚೀಲ ತಾ."

"ಅಕ್ಕಾರ, ನಾ ನಿನ್ನೆ ಎಲ್ಲಾ ವಾಪಸ ಕೊಟ್ಟೀನ್ರಿ. ಬಿಲ್ಲೆ ಐದೂ ನನ್ನ ಕಡೇನ ಅದಾವ, ನೋಡ್ರಿ."

"ಬಿಲ್ಲೆ ಕೊಡದ ಒಯ್ದಾವನ ಕಡೆ ಬಿಲ್ಲೆ ಇರದ ಏನಿರತಾವ? ಚೀಲ ತಾ ಅಂದೆ!"

ಚೀಲ ತಲೆಕೆಳಗಾಯಿತು. ರೊಟ್ಟಿ ಡಬ್ಬಿ, ಒಗೆದ ಬನಿಯನ್ನು, ಮಗಳ ಶಾಲೆಯ ಪುಸ್ತಕಕ್ಕೆಂದು ಕೊಂಡ ಕಂದು ಕಾಗದದ ಸುರುಳಿ. ಡಬ್ಬಿಯ ಮುಚ್ಚಳ ತೆಗೆಸಿ ರೊಟ್ಟಿಯನ್ನೂ ಎತ್ತಿಸಿ ನೋಡಿದಳು. ಇಪ್ಪತ್ತು ಜನ ಸುತ್ತ ನಿಂತಿದ್ದರು. ಚನ್ನು ಎಲ್ಲ ತುಂಬಿಕೊಂಡು, ಮೊಣಕಾಲೂರಿ ವಿಮಾನದ ನೆಲ ಬಿಚ್ಚಲು ಹೋದ.

ಮಧ್ಯಾಹ್ನ ಒಂದಾಯಿತು. ಸೀಟು ಕಿತ್ತರು, ಹಲಗೆ ಎಬ್ಬಿಸಿದರು, ಟಾರ್ಚು ಬಿಟ್ಟು ಇಣುಕಿದರು. ಏನೂ ಸಿಗಲಿಲ್ಲ. ನಿಶಾಂತನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೂಗಿ ಕೂಗಿ ಶಿವದೇವಿಯ ತಲೆ ಸಿಡಿಯತೊಡಗಿತು. ಬಿಪಿ ಗುಳಿಗೆ ನುಂಗೋಣವೆಂದು ಟೂಲ್ ರೂಮಿನೊಳಗೆ ಹೋಗಿ, ಕುರ್ಚಿಯ ಹಿಂದೆ ನೇತುಹಾಕಿದ್ದ ತನ್ನ ಕೈಚೀಲದಲ್ಲಿ ಕೈಯಾಡಿಸಿದಳು. ಬೆರಳಿಗೆ ಸಡಿಲಾದ ಬಟ್ಟೆಗಂಟಿನ ಒದ್ದೆ ಚೆಂಡುಹೂವು ತಾಗಿತು. ಹೂವಿನ ಕೆಳಗೆ ತಣ್ಣನೆಯ ಕಬ್ಬಿಣ.

ಹೊರಗೆಳೆದು ನೋಡಿದಳು. ಅದೇ ಪಾನಾ.

ನಿನ್ನೆ ಆಯುಧಪೂಜೆ. ಅಳತೆಯ ಉಪಕರಣಗಳಿಗೆ ಕುಂಕುಮ ಹಚ್ಚಬಾರದೆಂದು ಕಂಪನಿಯ ಕಟ್ಟಪ್ಪಣೆ. ಹಾಗೆಂದು ದೇವಿಯ ಮುಂದೆ ಬರೀ ತಟ್ಟೆ ಇಡುವುದೇ? ಹಳೆಯದೊಂದು ರ‍್ಯಾಚೆಟ್ಟನ್ನು ತಾನೇ ಕೊಕ್ಕೆಯಿಂದ ಇಳಿಸಿ ತಟ್ಟೆಯಲ್ಲಿಟ್ಟಿದ್ದಳು. ಬಿಲ್ಲೆ ಹಾಕಿರಲಿಲ್ಲ, ಅವಳ ಹತ್ತಿರ ಬಿಲ್ಲೆಯೇ ಇಲ್ಲ. ಕೊಡುವವಳಿಗೆ ಬಿಲ್ಲೆ ಯಾಕೆಂದು ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ. ಪೂಜೆಯ ಹೂವನ್ನು ಕಸಕ್ಕೆ ಹಾಕಬಾರದು, ನೀರಿಗೆ ಬಿಡಬೇಕೆಂದು ತಟ್ಟೆಯಲ್ಲಿದ್ದುದನ್ನೆಲ್ಲ ಬಟ್ಟೆಯಲ್ಲಿ ಬಾಚಿ ಕಟ್ಟಿ ಚೀಲಕ್ಕೆ ತುರುಕಿದ್ದಳು. ಪಾನಾವೂ ಹೂವಿನ ಜೊತೆ ಹಿಮಾಯತ್‌ನಗರಕ್ಕೆ ಹೋಗಿ, ಇಡೀ ಇರುಳು ಗೂಟಕ್ಕೆ ನೇತಾಡಿ, ಕಂಪನಿ ಬಸ್ಸಿನಲ್ಲಿ ವಾಪಸು ಬಂದಿತ್ತು.

ರೂಮಿನಲ್ಲಿ ಯಾರೂ ಇರಲಿಲ್ಲ. ಬೆಂಚಿನ ಅಡಿಗೆ ಅದನ್ನೊಂದಿಷ್ಟು ದೂಡಿ, 'ಸಿಕ್ಕಿತ್ರಿ' ಎಂದು ಕೂಗಿದ್ದರೆ ಮುಗಿಯುತ್ತಿತ್ತು. ವಿಮಾನ ಹಾರುತ್ತಿತ್ತು. ಅವಳ ಮೂವತ್ತೊಂದು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ನಿಜ ಒಪ್ಪಿಕೊಂಡರೋ, ಬಿಲ್ಲೆ ಇಲ್ಲದೆ ಉಪಕರಣ ಹ್ಯಾಂಗರಿನಿಂದ ಆಚೆ ಒಯ್ದವರಿಗೆ ಮತ್ತೆ ಒಳಗೆ ಪ್ರವೇಶವಿಲ್ಲ ಎಂಬ ನಿಯಮ. ಅದನ್ನು ಹಟ ಹಿಡಿದು ಬರೆಸಿದವಳೂ ಅವಳೇ. ಅವಳ ಕೈ ಬೆಂಚಿನ ಕಡೆಗೆ ಚಾಚಿತು, ನಿಂತಿತು. ಥೂ, ಎಂದು ತನಗೆ ತಾನೇ ಉಗಿದುಕೊಂಡಳು. ಇಷ್ಟು ಸಿಟ್ಟು ಅವಳಿಗೆ ಯಾರ ಮೇಲೂ ಬಂದಿರಲಿಲ್ಲ.

ಹೂವಿನ ಎಸಳು ಅಂಟಿದ್ದ ಪಾನಾ ಹಿಡಿದುಕೊಂಡೇ ಹೊರಗೆ ಬಂದಳು.

"ಎಲ್ಲಾರೂ ಕೆಳಗ ಇಳೀರಿ. ನನ್ನ ಚೀಲದಾಗ ಇತ್ತು. ಪೂಜಾಕ್ಕಂತ ನಾನ ತಗದಿದ್ದೆ. ಮರತೆ."

ಮೊದಲು ನಕ್ಕವನು ನಿಶಾಂತ. "ಸಿಕ್ಕಿತಲ್ಲ! ಹುಡುಕುವಾಗ ಸಿಕ್ಕಿತು ಅಂತ ಬರೆದುಬಿಡಿ, ಖಲಾಸ್!"

ನರಹರಿಯೂ ಹತ್ತಿರ ಬಂದು ದನಿ ತಗ್ಗಿಸಿದ. "ಹಂಗ ಬರೀರಿ, ಶಿವದೇವಿಯವರ. ನಿಮ್ಮಂಥವರು ಎಲ್ಲಿ ಸಿಗತಾರ? ಯಾರೂ ಏನೂ ಅನ್ನಂಗಿಲ್ಲ."

"ನಾ ಅಂತೀನ್ರಿ."

ಚನ್ನು ವಿಮಾನದ ಮೆಟ್ಟಿಲ ಮೇಲೆ ನಿಂತಿದ್ದ. ಮೊಣಕಾಲೆಲ್ಲ ಧೂಳು. ಅವನು ದನಿಯೆತ್ತಿದ್ದನ್ನು ಅಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

"ನನ್ನ ರೊಟ್ಟಿ ಎತ್ತಿಸಿ ನೋಡಿದ್ರಿ ಅಕ್ಕಾರ. ನಿಮ್ಮ ಚೀಲ ಯಾರರ ನೋಡಿದ್ರೇನು? ನೋಡ್ತೀವಿ ಅನ್ನೂ ಧೈರ್ಯಾನ ನೀವು ಯಾರಿಗೂ ಉಳಿಸಿಲ್ಲ. ಮುಂಜಾನೆ ಒಬ್ಬರು ಕೇಳಿದ್ದರ ಐದ ನಿಮಿಷದಾಗ ಮುಗೀತಿತ್ತು!"

"ತಪ್ಪಾತು, ಚನ್ನು."

"ತಪ್ಪಾತು ಬ್ಯಾಡ್ರಿ. ನನ್ನ ಹೆಸರಿದ್ದರ ಏನ್ ಬರೀತಿದ್ರಿ, ಅದನ್ನ ಬರೀರಿ."

"ಏ ಚನ್ನು, ಸುಮ್ನಿರೋ" ಎಂದ ನರಹರಿ.

"ನೀವು ಸುಮ್ನಿರ್ರಿ, ಸರ್!" ಶಿವದೇವಿ ಗದರಿದಳು. "ಅಂವ ಬರೋಬ್ಬರಿ ಹೇಳಾಕತ್ತಾನ."

ಕೌಂಟರಿನ ಮೇಲೆಯೇ ವರದಿ ಬರೆದಳು. ಬಿಲ್ಲೆ ನಂಬರಿನ ಜಾಗದಲ್ಲಿ 'ಇಲ್ಲ' ಎಂದು, ಕಾರಣದ ಜಾಗದಲ್ಲಿ 'ಬೇಜವಾಬ್ದಾರಿ' ಎಂದು, ಹೆಸರಿನ ಜಾಗದಲ್ಲಿ ತನ್ನ ಪೂರ್ತಿ ಹೆಸರು. ಸಾಕ್ಷಿಯ ಸಹಿಗೆ ಕಾಗದವನ್ನು ಚನ್ನುವಿನ ಕಡೆ ತಿರುಗಿಸಿದಳು. ಅವನು ಒಂದೊಂದು ಸಾಲನ್ನೂ ಓದಿ ಸಹಿ ಮಾಡಿದ.

ನರಹರಿ ಹಣೆ ಒತ್ತಿಕೊಂಡ. "ಈಗ ಟೂಲ್ ರೂಮಿನ ಕೀಲಿ ಯಾರ ಕೈಯಾಗ ಕೊಡ್ಲಿ? ಬಿಚ್ಚಿದ್ದೆಲ್ಲಾ ಕೂಡಸಬೇಕು, ಮತ್ತ ಎಣಸಬೇಕು."

"ಇವಗ ಕೊಡ್ರಿ" ಎಂದಳು ಶಿವದೇವಿ. "ಇಷ್ಟು ಮಂದ್ಯಾಗ ನನಗ ಎದುರು ಮಾತಾಡಿದಾವ ಇವನೊಬ್ಬನ."

ಚನ್ನು ಕೀಲಿ ತೆಗೆದುಕೊಂಡ. ಥ್ಯಾಂಕ್ಸ್ ಅನ್ನಲಿಲ್ಲ, ನಗಲೂ ಇಲ್ಲ. ಕೌಂಟರಿನ ಒಳಗೆ ಬಂದು ಅವಳ ಕೈಯಲ್ಲಿದ್ದ ಪಾನಾ ಇಸಿದುಕೊಂಡು, ಅಂಟಿದ್ದ ಎಸಳನ್ನು ಒರೆಸಿ, ಮೂರನೇ ಸಾಲಿನ ಕೊಕ್ಕೆಗೆ ಹಾಕಿದ. ಆಮೇಲೆ ಮೊದಲ ಸಾಲಿಗೆ ಬಂದು ಎಣಿಸತೊಡಗಿದ. ಶಿವದೇವಿ ಇನ್ನೂ ಕುರ್ಚಿಯ ಪಕ್ಕದಲ್ಲೇ ಇದ್ದಳು.

"ಅಕ್ಕಾರ, ಹೊರಗ ನಡೀರಿ" ಎಂದ ಚನ್ನು, ಹಲಗೆಯಿಂದ ಕಣ್ಣು ತೆಗೆಯದೆ. "ಹೋಗೂ ಮುಂದ ಚೀಲ ತೋರಿಸಿ ಹೋಗ್ರಿ."

ಅವಳು ಚೀಲದ ಬಾಯಿ ಬಿಚ್ಚಿ ಕೌಂಟರಿನ ಮೇಲಿಟ್ಟು, ಅವನ ಎಣಿಕೆ ಮುಗಿಯುವವರೆಗೆ ನಿಂತಳು.