ಒಣಗದ ಅಂಟು

ನಮ್ಮ ದೊಡ್ಡಪ್ಪ ಈರಲಿಂಗಪ್ಪ ಕಲ್ಯಾಣದುರ್ಗದಲ್ಲಿ ಕಂಬಳಿ ನೇಯುವವರು. ಅವರಿಗೆ ಬಲಗಣ್ಣು ಹುಟ್ಟಿದಾಗಿನಿಂದ ಮಂಜು. ಮೂವತ್ತು ವರ್ಷ ಎಡಗಣ್ಣೊಂದನ್ನೇ ನಂಬಿ ನೇಯ್ದವರು. ಹೋದ ವರ್ಷ ಮಗ್ಗದ ಬಿದಿರು ಕಡ್ಡಿ ಸೀಳಿ, ಅದರ ಚೂರು ಆ ಎಡಗಣ್ಣಿಗೇ ಹಾರಿಬಿಟ್ಟಿತು.

ನಾನು, ದೊಡ್ಡಮ್ಮ ಚೌಡಕ್ಕ ಸೇರಿ ಅವರನ್ನು ಹಿಂದೂಪುರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಸರಿತಾ ಚೂರು ತೆಗೆದರು. ಸೀಳಿಗೆ ಹೊಲಿಗೆ ಹಾಕಲಿಲ್ಲ, ಜೆಲ್ಲಿನಂಥ ಅಂಟು ಹಚ್ಚಿ ಮುಚ್ಚಿದರು.

"ಎರಡು ಗಂಟೆಗೊಂದ್ಸಲ ಈ ಡ್ರಾಪ್ಸ್ ಬಿಡ್ಬೇಕು. ಕಣ್ಣು ಉಜ್ಜಬಾರ್ದು. ವಾರ ಬಿಟ್ಟು ಬನ್ನಿ" ಎಂದರು.

ಮನೆಯಲ್ಲಿ ದೊಡ್ಡಪ್ಪ ಬಾಟಲಿಯನ್ನು ಯಾರ ಕೈಗೂ ಕೊಡಲಿಲ್ಲ. ನಾನೇ ಬಿಟ್ಕೊತೀನಿ ಎಂದರು. ದಿನಾ ಬೆಳಿಗ್ಗೆ ಅಂಗಳದಲ್ಲಿ ಬಿಸಿಲಿಗೆ ಮುಖ ಕೊಟ್ಟು ಕೂರುತ್ತಿದ್ದರು. ಏಳನೇ ದಿನಕ್ಕೆ ಕಣ್ಣು ಕೆಂಡದ ಹಾಗೆ ಕೆಂಪಾಗಿ, ಕೀವು ಬಂತು.

ಮತ್ತೆ ಹಿಂದೂಪುರ. ಡಾಕ್ಟರ್ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.

"ತುಂಬಿದ್ದಂಗೇ ಐತಲ್ಲ! ಏಮಿ ಪೆದ್ದಾಯನಾ, ಏನ್ ದೊಡ್ಡೋರೇ, ಯಾಕೆ ಬಿಡ್ಲಿಲ್ಲ?"

"ಕೇಳಮ್ಮ ಇಲ್ಲಿ. ಕಂಬ್ಳಿ ನೂಲಿಗೆ ನಾವು ಹುಣಸೆ ಬೀಜದ ಗಂಜಿ ಬಳೀತೀವಿ. ಅದು ಬಿಸ್ಲಲ್ಲಿ ಗರಿಗರಿ ಒಣಗ್ಬೇಕು. ನೀರು ತಾಕ್ತೋ, ಬಿಟ್ಕಂಡ್ಬುಡ್ತೈತೆ. ನೀನು ನೋಡಿದ್ರೆ ಅಂಟು ಹಾಕ್ಬುಟ್ಟು ಎರಡು ಗಂಟೆಗೊಂದ್ಸಲ ನೀರು ಬಿಡು ಅಂತೀಯ! ಮೊದ್ಲು ಒಣಗ್ಲಿ ಅಂತ ಬಿಸ್ಲಿಗೆ ಕೂತ್ಕಂಡೆ ಕಣಮ್ಮ."

ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಈವಪ್ಪಂಗೆ ಈಗ್ಲಾದ್ರೂ ಸೂರ್ಯದೇವ್ರ ಮ್ಯಾಲೆ ಭಕ್ತಿ ಬಂತಲ್ಲ ಅಂತ ನಾನು ಖುಷಿ ಪಟ್ಕಂಡಿದ್ನಲ್ಲಮ್ಮ!"

ಡಾಕ್ಟರ್ ನಗಲಿಲ್ಲ. ಯಂತ್ರದಲ್ಲಿ ಕಣ್ಣು ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಅಂಟು ಭದ್ರವಾಗೇ ಐತೆ. ಮದ್ದು ಬೀಳದೆ ಸೋಂಕಾಗಿದೆ. ಈ ಅಂಟಲ್ಲಿ ಮುಕ್ಕಾಲು ಪಾಲು ನೀರೇ ಇರೋದು. ಕಣ್ಣು ಯಾವಾಗ್ಲೂ ಒದ್ದೆ ಅಲ್ವಾ? ಆ ಒದ್ದೇಲೇ ಹಿಡ್ಕೊಳ್ಳೋ ಹಂಗೆ ಮಾಡಿರ್ತಾರೆ. ಗಾಯ ಕೂಡ್ಕೊಂಡ್ಮೇಲೆ ತಾನಾಗೇ ಕರಗಿ ಹೋಗುತ್ತೆ. ಇದನ್ನ ನಾನು ಅವತ್ತೇ ಹೇಳ್ಬೇಕಿತ್ತು."

ದೊಡ್ಡಪ್ಪ ಡಾಕ್ಟರ ಕಡೆಗೆ ಬಾಗಿದರು. "ಕಣ್ಣು ಉಳೀತೈತಾ?"

"ಹತ್ತು ದಿನ ಇಲ್ಲೇ ಇರಿ. ಈಗ್ಲೇ ಮಾತು ಕೊಡಕ್ಕಾಗಲ್ಲ."

ಆ ಹತ್ತು ದಿನ ಗಂಟೆಗೊಂದು ಹನಿ ಬಿತ್ತು. ಬಿಡುತ್ತಿದ್ದವಳು ದೊಡ್ಡಮ್ಮ. ನನ್ನ ತಲೆಯಲ್ಲಿ ಅಂಗಳದ ಬಿಸಿಲೇ ತಿರುಗುತ್ತಿತ್ತು. ಏಳು ದಿನವೂ ಅವರನ್ನು ದಾಟಿಕೊಂಡು ಓಡಾಡಿದವಳು ನಾನು. ಯಾಕೆ ಹೀಗೆ ಕೂತಿದ್ದೀರಿ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ಗೊತ್ತಿಲ್ಲದೆ ತಪ್ಪು ಮಾಡಿದರು ಎಂದು ಊರವರು ಆಡಿಕೊಂಡರು. ನನಗೇನೋ, ಗೊತ್ತಿದ್ದದ್ದನ್ನು ಅಷ್ಟು ಗಟ್ಟಿಯಾಗಿ ನಂಬಿದ್ದೇ ಅವರಿಗೆ ಮುಳುವಾಯಿತು ಅನಿಸುತ್ತದೆ.

ಕಣ್ಣು ಉಳಿಯಿತು, ಪೂರ್ತಿಯಲ್ಲ. ಮಧ್ಯದಲ್ಲಿ ಸಾಸಿವೆಯಷ್ಟು ಬಿಳಿ ಕಲೆ ನಿಂತಿತು. ಕರಿ ಉಣ್ಣೆಯ ಎಳೆ ಈಗ ಅವರಿಗೆ ಕಾಣುವುದಿಲ್ಲ, ಬಿಳಿ ಉಣ್ಣೆಯದು ಕಾಣುತ್ತದೆ. ಕರಿ ಕಂಬಳಿ ಕೇಳಿಕೊಂಡು ಬಂದವರನ್ನು ಪಕ್ಕದ ಬೀದಿಯ ಹಾಲೇಶ್ ಮನೆಗೆ ಕಳಿಸುತ್ತಾರೆ. ಮೊನ್ನೆ ಒಬ್ಬರು ಬಿಡದೆ ಒತ್ತಾಯ ಮಾಡಿದರು.

"ನಾನು ಬಿಳೇದು ನೇಯ್ತೀನಪ್ಪ, ಬೇಕಾದ್ರೆ ತಗ" ಎಂದು ದೊಡ್ಡಪ್ಪ ಮಗ್ಗದ ಗುಂಡಿಗೆ ಇಳಿದರು.