ಕೊಂಬು ಕಳಕೊಂಡ ಕುರಿಮರಿ

ತೊಂಬತ್ತರ ದಶಕದಲ್ಲಿ ವಡೋದರಾದ ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ತಿಂಗಳಿಗೊಮ್ಮೆ ಗುಜರಾತಿಯವರ ಆರಾಧನೆ ಮುಗಿದ ಮೇಲೆ ಅವರ ಚರ್ಚಿನಲ್ಲೇ ನಮ್ಮದು. ಸ್ವಂತದ್ದೆಂದು ಇದ್ದದ್ದು ಒಬ್ಬ ಕಾರ್ಯದರ್ಶಿ. ಬ್ಯಾಂಕಿನ ಅಧಿಕಾರಿ, ಮನುಷ್ಯರನ್ನು ಅವರವರ ಆಫೀಸಿನಿಂದಲೇ ಅಳೆಯುವ ಆಸಾಮಿ. ಸಭೆಯ ಒಬ್ಬರು ರೈಲ್ವೇಯವರು, ಅಂದಮೇಲೆ ಮೈಕಿನಲ್ಲಿ ಪ್ರಕಟಣೆ ಅವರೇ ಓದಬೇಕು. ಆ ಪುಣ್ಯಾತ್ಮ ಗೂಡ್ಸ್ ಆಫೀಸಿನ ಗುಮಾಸ್ತ. ನಾಲ್ಕು ಜನರ ಮುಂದೆ ನಿಂತರೆ ಬಾಯಿ ಒಣಗುತ್ತಿತ್ತು. ನಮ್ಮ ಮನೆಯವರು ಮಕರಪುರದ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರು. ಸರಿ, ಮೈಕುಗಳ ದನಿ ಏರಿಸಿ ಇಳಿಸುವ ಮಿಕ್ಸರು ಅವರ ತಲೆಗೆ ಬಿತ್ತು.

ನಮ್ಮವರಿಗೆ ಶ್ರುತಿ, ತಾಳ ಯಾವುದೂ ಕಿವಿಗೆ ಹೋಗದು. ಮೈಕು ಕುಂಯ್ಯೆಂದು ಕಿರುಚುವುದು, ಇಡೀ ಸಭೆ ಹಿಂತಿರುಗಿ ಅವರನ್ನೇ ನೋಡುವುದು. ಅವರ ಜಾಣತನವೆಲ್ಲ ಕೈಯಲ್ಲಿತ್ತು. ಅಕ್ಷರ ಬರೆದರೆ ಅಚ್ಚು ಹಾಕಿದ ಹಾಗೆ. ಆದರೆ ಪ್ರೊಜೆಕ್ಟರಿನ ಪ್ಲಾಸ್ಟಿಕ್ ಹಾಳೆಗಳ ಮೇಲೆ ಹಾಡು ಬರೆಯುತ್ತಿದ್ದವಳು ಕಾರ್ಯದರ್ಶಿಯ ಮಗಳು. ಗುಜರಾತಿ ಶಾಲೆಯಲ್ಲಿ ಓದಿದವಳು, ಅಪ್ಪನ ಒತ್ತಾಯಕ್ಕೆ ಕನ್ನಡ ಅಕ್ಷರ ತಿದ್ದಿದ್ದಳು. ಚೆನ್ನಾಗಿ ಹಾಡುತ್ತಿದ್ದಳು, ಮೈಕು ಕಿರುಚುವ ಮೊದಲೇ ಮುಖ ಕಿವುಚುತ್ತಿದ್ದಳು.

ಆರಾಧನೆಯ ಹಿಂದಿನ ದಿನ ನಮ್ಮವರಿಗೆ ತಲೆನೋವು ಬರತೊಡಗಿತು. ನನ್ನ ಬಿಟ್ಟರೆ ಅವರು ಕನ್ನಡ ಆಡುತ್ತಿದ್ದದ್ದು ಅದೊಂದೇ ಜಾಗದಲ್ಲಿ. ಅದೂ ತಪ್ಪಿದರೆ ಮನುಷ್ಯ ಮೂಕನಾಗುತ್ತಾನೆಂದು ನನಗೆ ಹೆದರಿಕೆ. ಕಾರ್ಯದರ್ಶಿಯನ್ನು ಹಿಡಿದೆ.

“ಇಬ್ಬರ ಕೆಲಸಾನೂ ಅದಲು ಬದಲು ಮಾಡ್ರಿ. ನಿಮ್ಮ ಮಗಳ ಕಿವಿ ಚುರುಕ ಅದ. ನಮ್ಮವರ ಅಕ್ಷರ ಚಂದ ಅದಾವ.”

“ಇಂಜಿನಿಯರನ್ನ ಅಕ್ಷರ ಬರಿಯಾಕ ಕೂಡಸೋದೇನ್ರಿ ಅಕ್ಕಾರ? ಹೆಣ್ಣುಮಗಳು ವಾಯರ್ ಮುಟ್ಟೋದೇನ್ರಿ?” ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಕ್ರಿಸ್ಮಸ್ ಆರಾಧನೆಗೆ ಅಹಮದಾಬಾದ್, ಸೂರತ್ ಕಡೆಯ ಕನ್ನಡದವರೂ ಬಂದಿದ್ದರು. ಪರದೆಯ ಮೇಲೆ ಮೂಡಿತು: ‘ದೇವರ ಕರಿಮರಿ’. ಗುಜರಾತಿಯಲ್ಲಿ ಕೊಂಬು ಅಕ್ಷರದ ಕಾಲಡಿ ಬರುತ್ತದೆ. ಹುಡುಗಿ ‘ಕು’ವಿನ ಕೊಂಬನ್ನೂ ಅಲ್ಲೇ ಸಣ್ಣಗೆ ಗೀಚಿದ್ದಳು, ಪರದೆಯಲ್ಲಿ ಅದು ಕಾಣಲೇ ಇಲ್ಲ. ಕೊಂಬು ಹೋದ ಕುರಿ ಕರಿಯಾಗಿ, ಬೆತ್ಲೆಹೇಮಿನ ಕೊಟ್ಟಿಗೆಯಲ್ಲಿ ಆನೆಮರಿ ಹುಟ್ಟಿತ್ತು. ಕಾರ್ಯದರ್ಶಿ ಮುಂದೆ ನಿಂತು, ಪರದೆ ನೋಡುತ್ತ, ಎಲ್ಲರಿಗಿಂತ ಜೋರಾಗಿ ಆನೆಮರಿಯನ್ನು ಕೊಂಡಾಡಿದರು.

ನಮ್ಮವರಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಮೈಕು ಚಾಲೂ ಇತ್ತು. ಆ ನಗು ಚರ್ಚನ್ನೆಲ್ಲ ತುಂಬಿತು. ಅಂದು ಮಿಕ್ಸರಿನಿಂದ ಸ್ವಚ್ಛವಾಗಿ ಹೊರಬಿದ್ದ ಸದ್ದು ಅದೊಂದೇ.

ಆಮೇಲೆ ಕಾರ್ಯದರ್ಶಿಗೆ ನಾನೇ ತಪ್ಪು ತೋರಿಸಿದೆ. “ಒಂದು ಕೊಂಬಿಗೆ ಇಷ್ಟು ರಾದ್ಧಾಂತ ಏನ್ರಿ?” ಎಂದರು. ಮಿಕ್ಸರು ಟೆಲಿಫೋನ್ ಇಲಾಖೆಯಲ್ಲಿದ್ದ ಇನ್ನೊಬ್ಬರಿಗೆ ಹೋಯಿತು, ನಮ್ಮವರಿಗೆ ಕುರ್ಚಿ ಜೋಡಿಸುವ ಕೆಲಸ ಬಂತು. ಅಕ್ಷರದ ಕೆಲಸ ಮಗಳ ಕೈಯಲ್ಲೇ ಉಳಿಯಿತು.

ಮುಂದಿನ ತಿಂಗಳು ನಮ್ಮವರು ಬರಲಿಲ್ಲ. ಆಮೇಲೂ ಬರಲಿಲ್ಲ. ಕಾರ್ಯದರ್ಶಿ ಕಣ್ಣು ಮುಚ್ಚಿ, ವಿಶ್ವಾಸದಲ್ಲಿ ಬಲಹೀನನಾದ ಒಬ್ಬ ಸಹೋದರನಿಗಾಗಿ ಮೈಕಿನಲ್ಲಿ ದೀರ್ಘವಾಗಿ ಪ್ರಾರ್ಥಿಸಿದರು. ಎಲ್ಲರೂ ಆಮೆನ್ ಅಂದರು. ನಾನು ಅನ್ನಲಿಲ್ಲ.